ತುಳಿಯಲೆಂದೇ ಹಾಸಿದ ಜಮಖಾನ

ರಂಗೋಲಿಯ ವಿಷಯದಲ್ಲಿ ನಾನು ಸ್ವಲ್ಪ ಜಂಬದವಳು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ನಾವಿರುವ ಕಾಂಡೋದಲ್ಲಿ, ದೀಪಾವಳಿಗೆ ಲಿಫ್ಟಿನ ಮುಂದೆ ಬಣ್ಣದ ಅಕ್ಕಿಯ ಕೋಲಂ ಬಿಡಿಸುವ ತಮಿಳು ಗೆಳತಿಯರು ಕೂಡ ಮೊದಲ ಎಳೆಗೆ ನನ್ನನ್ನೇ ಕರೆಯುತ್ತಾರೆ. ಮೈಸೂರಿನಲ್ಲಿ ನನ್ನಮ್ಮ ಹೊಸಿಲ ಮುಂದೆ ಚುಕ್ಕಿ ಇಟ್ಟು ಕೂತರೆ ಏಳುವವರೆಗೆ ಕೈ ತಡವರಿಸುತ್ತಿರಲಿಲ್ಲ. ಆ ಕೈ ನನಗೂ ಬಂದಿದೆ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುವ ತಾಳ್ಮೆ ನನಗಿಲ್ಲ. ಪುಡಿ ಉದುರಿಸುವ ಕೊಳವೆ, ತೂತು ಕೊರೆದ ಅಚ್ಚು ಇವೆಲ್ಲ ನನ್ನ ಲೆಕ್ಕದಲ್ಲಿ ಸೋಮಾರಿಗಳ ಸಾಮಾನು. ಇನ್ನು ರಂಗೋಲಿ ತುಳಿಯುವವರನ್ನು ಕಂಡರಂತೂ ಪಿತ್ತ ನೆತ್ತಿಗೇರುತ್ತದೆ. ನನ್ನ ಮಗಳು ನಡೆಯಲು ಕಲಿತದ್ದೇ ಬಾಗಿಲ ರಂಗೋಲಿಯನ್ನು ಸುತ್ತಿ ಹೋಗುತ್ತಾ.

ಹೀಗಿರುವ ನನ್ನೆದುರು, ಹೋದ ವರ್ಷ ಅಕ್ಟೋಬರಿನ ಒಂದು ಸಂಜೆ, ಹದಿನೇಳರ ಆ ಮಗಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿ ತನ್ನ ಯೋಜನೆ ಬಿಚ್ಚಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಮ್ಮ, ರಾಜ್ಯೋತ್ಸವಕ್ಕೆ ಐ ವಾಂಟ್ ದ ಹೋಲ್ ವಾಕ್‌ವೇ. ಸಾಡಸ್ಟ್ ಕಾರ್ಪೆಟ್ ಮಾಡಬೇಕು. ಪಪಾ ಊರಲ್ಲಿ ಮಾಡ್ತಾರಲ್ಲ, ಲೈಕ್ ದಟ್."

"ಮರದ ಹೊಟ್ಟಲ್ಲಿ ರಂಗೋಲಿನಾ?" ಎಂದೆ.

"ನಾಟ್ ರಂಗೋಲಿ ಲಾ. ಕಾರ್ಪೆಟ್. ಅಚ್ಚು ಇಟ್ಟು ಮಾಡೋದು. ಆಮೇಲೆ ಎವ್ರಿಬಡಿ ವಾಕ್ಸ್ ಆನ್ ಇಟ್."

ಮರದ ಹೊಟ್ಟು, ಅಚ್ಚು, ಮೇಲೆ ತುಳಿಯುವುದು ಬೇರೆ. ನನಗಾಗದ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಳು. ಮೇಜಿನ ಆ ಕಡೆ ನನ್ನ ಗಂಡ ತಲೆ ಬಗ್ಗಿಸಿ ಸಾರು ಕಲಸುತ್ತಿದ್ದ. ನಗುತ್ತಿದ್ದಾನೆ ಎಂದು ಭುಜ ನೋಡಿಯೇ ಗೊತ್ತಾಯಿತು.

ಇವನು ಮೆಕ್ಸಿಕೋದವನು. ಒಳನಾಡಿನ ಒಂದು ಸಣ್ಣ ಪಟ್ಟಣದವನು. ಮೈಸೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ. ಊರು ತೋರಿಸುವ ಕೆಲಸ ನನ್ನ ತಲೆಗೆ ಬಿತ್ತು. ಚಾಮುಂಡಿ ಬೆಟ್ಟದ ದಾರಿಯಲ್ಲಿ ಒಬ್ಬಾಕೆ ಕೆಂಡದ ಮೇಲೆ ಮುಸುಕಿನ ಜೋಳದ ತೆನೆ ಸುಟ್ಟು, ಖಾರದಪುಡಿಯಲ್ಲಿ ಅದ್ದಿದ ನಿಂಬೆಹೋಳಿನಿಂದ ಉಜ್ಜಿ ಕೊಟ್ಟಳು. ಒಂದು ಕಚ್ಚು ಕಚ್ಚಿದವನೇ ಸುಮ್ಮನಾದ. ಖಾರ ಹೆಚ್ಚಾಯಿತೇನೋ ಎಂದು ನಾನು ನೀರು ಹುಡುಕಿದರೆ, "ನಮ್ಮೂರಿನ ಚೌಕದಲ್ಲಿ ಇದೇ ತೆನೆ, ಇದೇ ನಿಂಬೆ, ಇದೇ ಖಾರ" ಎಂದ. ಮೈಸೂರಿಗೆ ಬಂದವರೆಲ್ಲ ಅರಮನೆ ನೋಡಿ ಮರುಳಾಗುತ್ತಾರೆ, ಇವನು ರಸ್ತೆಬದಿಯ ಜೋಳಕ್ಕೆ ಮರುಳಾದ. ಅವತ್ತೇ ನನಗೂ ಇವನು ಹಿಡಿಸಿದ. ನನ್ನಮ್ಮ ಮಾತ್ರ ಕೊನೆಯವರೆಗೂ ಅವನನ್ನು ಪರಂಗಿ ಅಳಿಯ ಎಂದೇ ಕರೆದಳು, ಪ್ರೀತಿಯಿಂದಲೇ.

ಮದುವೆಯಾಗಿ ನಾವು ಪೆನಾಂಗಿಗೆ ಬಂದೆವು. ಇವನಿಗೆ ಇಲ್ಲಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ. ಮಗಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಈ ದೇಶದಲ್ಲಿ ನೀನು ಯಾವ ಜನ ಎಂಬ ಪ್ರಶ್ನೆಗೆ ಮಲಯರು, ಚೀನೀಯರು, ಭಾರತೀಯರು ಎಂದು ಮೂರು ಉತ್ತರಗಳಿವೆ. ಉಳಿದವರೆಲ್ಲ ಲಾಯಿನ್-ಲಾಯಿನ್, ಅಂದರೆ ಇತರರು. ಮಗಳು ತನ್ನನ್ನು ನಗುನಗುತ್ತಲೇ ಹಾಗೆ ಪರಿಚಯಿಸಿಕೊಳ್ಳುತ್ತಿದ್ದಳು. ಶಾಲೆಯಲ್ಲಿ ಅವಳು ಇಂಡಿಯನ್. ತರಕಾರಿ ಅಂಗಡಿಯ ತಮಿಳಮ್ಮನಿಗೆ ಮಲಯ ಹುಡುಗಿ. ನಮ್ಮ ಕನ್ನಡ ಬಳಗದಲ್ಲಿ ಮೆಕ್ಸಿಕೋದವನ ಮಗಳು. ಇದೆಲ್ಲ ಅವಳಿಗೆ ಅಭ್ಯಾಸವಾಗಿತ್ತು. ಚುಚ್ಚಿದ್ದು ಬೇರೆಯದೇ. ಇವನ ತಾಯಿ, ಅಂದರೆ ನನ್ನ ಅತ್ತೆ, ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಅವಳನ್ನು ಅಕ್ಕಪಕ್ಕದವರಿಗೆ ತೋರಿಸುತ್ತಾ "ನೋಡಿ, ನನ್ನ ಹಿಂದೂ ಮೊಮ್ಮಗಳು" ಎನ್ನುತ್ತಿದ್ದರು. ಅಲ್ಲಿ ಇಂಡಿಯಾದವರು ಯಾವ ಧರ್ಮದವರೇ ಆಗಲಿ, ಹಿಂದೂ ಎಂದೇ ಕರೆಯುವುದು ವಾಡಿಕೆ. ಅತ್ತೆಯ ದನಿಯಲ್ಲಿ ಹೆಮ್ಮೆಯೇ ಇರುತ್ತಿತ್ತು. ಆದರೆ ಫೋನ್ ಇಟ್ಟ ಮೇಲೆ ಮಗಳ ಮುಖ ಇಷ್ಟೇ ಇಷ್ಟಾಗುತ್ತಿತ್ತು. ಅವರ ಜೊತೆ ಮಾತಾಡಲೆಂದೇ ಸ್ಪ್ಯಾನಿಷ್ ಕಲಿತವಳು ಅವಳು. ಉಳಿದ ಮೊಮ್ಮಕ್ಕಳೆಲ್ಲ ಆ ಬೀದಿಯವರು, ಇವಳೊಬ್ಬಳು ಇಂಡಿಯಾದಿಂದ ಬಂದ ಒಡವೆ.

ಆ ಅತ್ತೆ ಈಗ ಮೊದಲ ಬಾರಿಗೆ ಸಮುದ್ರ ದಾಟಿ ನಮ್ಮ ಮನೆಗೆ ಬಂದಿದ್ದರು. ಜನವರಿವರೆಗೆ ಇರುವುದೆಂದು ಮಾತು. ಮಗಳು ಈ ಅವಕಾಶಕ್ಕೇ ಕಾದಿದ್ದಳು.

ಇವನ ಊರಿನ ಪದ್ಧತಿ ಹೀಗೆ. ಊರ ದೇವತೆಯ ಮೆರವಣಿಗೆ ಹೊರಡುವ ದಿನ ದಾರಿಯುದ್ದಕ್ಕೂ ಬಣ್ಣ ಹಾಕಿದ ಮರದ ಹೊಟ್ಟನ್ನು ಜರಡಿ ಹಿಡಿದು ಹೂವು, ಹಕ್ಕಿ, ಬಳ್ಳಿಗಳ ಜಮಖಾನ ಹಾಸುತ್ತಾರೆ. ಪ್ರತಿ ಬೀದಿಯೂ ತನ್ನ ಪಾಲಿನ ಉದ್ದವನ್ನು ತಾನೇ ಹಾಸಬೇಕು. ಕೊನೆಗೆ ಆ ಬೀದಿಯ ಹಿರಿಯರೊಬ್ಬರು ಮೇಲೆ ನೀರು ಚಿಮುಕಿಸಿದರೆ ಕೆಲಸ ಮುಗಿದಂತೆ. ಆಮೇಲೆ ಮೆರವಣಿಗೆ ಅದನ್ನು ತುಳಿದುಕೊಂಡು ಹೋಗುತ್ತದೆ. ಹಾಸಿದವರು, ಅವರ ಮನೆಯವರು ಮಾತ್ರ ತುಳಿಯುವಂತಿಲ್ಲ, ಪಕ್ಕದಲ್ಲಿ ನಿಂತು ನೋಡಬೇಕು. ಅತ್ತೆ ತಮ್ಮ ಬೀದಿಗೆ ನೀರು ಚಿಮುಕಿಸುವವರು. ಮೊಮ್ಮಗಳ ಆಸೆ ಅದಷ್ಟೇ: ಅಬುಯೆಲಾ ತನ್ನ ಜಮಖಾನಕ್ಕೆ ನೀರು ಚಿಮುಕಿಸಬೇಕು, ಅದರ ಮೇಲೆ ಮೆರವಣಿಗೆ ಹೋಗಬೇಕು. ಅಬುಯೆಲಾ ಎಂದರೆ ಅಜ್ಜಿ. ಪೆನಾಂಗಿನಲ್ಲಿ ನಮಗೆ ಸಿಗುವ ಮೆರವಣಿಗೆ ಒಂದೇ, ನವೆಂಬರಿನ ಭಾನುವಾರವೊಂದರಲ್ಲಿ ನಮ್ಮ ಪುಟ್ಟ ಕನ್ನಡ ಬಳಗ ಭುವನೇಶ್ವರಿಯ ಪಟ ಹೊತ್ತು ಕಾಂಡೋದ ಗೇಟಿನಿಂದ ಸಭಾಂಗಣದವರೆಗೆ ಹೋಗುವುದು. ಮಗಳ ಕಣ್ಣು ಅದರ ಮೇಲೆ ಬಿದ್ದಿತ್ತು.

ನಾನು ಒಪ್ಪಿದ್ದು ದೊಡ್ಡ ಮನಸ್ಸಿನಿಂದಲ್ಲ, ಅಚ್ಚಿನ ರಂಗೋಲಿ ಹೇಗೆ ಬರುತ್ತದೋ ನೋಡೇಬಿಡೋಣ ಎಂಬ ಕುಹಕದಿಂದ. ಬಳಗದ ವಾಟ್ಸ್ಯಾಪಿನಲ್ಲಿ ನಾನೇ ಘನವಾಗಿ ಸಾರಿದೆ: ಈ ವರ್ಷ ನನ್ನ ಮಗಳು ದೊಡ್ಡ ರಂಗೋಲಿ ಹಾಕುತ್ತಾಳೆ, ಎಲ್ಲರೂ ಬನ್ನಿ. ಹೆಬ್ಬೆರಳುಗಳು, ಕೈಮುಗಿದ ಚಿತ್ರಗಳು ದಬದಬ ಬಂದು ಬಿದ್ದವು.

ಹೊಟ್ಟು ಸಿಕ್ಕಿದ್ದು ನಮ್ಮ ದ್ವೀಪದ ಸೇತುವೆಯಾಚೆಯ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ. ಇಲ್ಲಿ ಹಾಲು ಬತ್ತಿದ ರಬ್ಬರ್ ಮರಗಳನ್ನು ಕೊಯ್ದು ಮೇಜು ಕುರ್ಚಿ ಮಾಡುತ್ತಾರೆ. ಅದರ ಹೊಟ್ಟು ತೆಳು ಹಳದಿ, ಬಣ್ಣ ಚೆನ್ನಾಗಿ ಕುಡಿಯುತ್ತದೆ. ಮೂಟೆಗಳು ನಮ್ಮ ಬಾಲ್ಕನಿ ತುಂಬಿದವು. ಬಟ್ಟೆಗೆ ಹಾಕುವ ಬಣ್ಣ ಕದಡಿ, ಬಕೆಟ್ಟುಗಳಲ್ಲಿ ಹೊಟ್ಟನ್ನು ನೆನೆಸಿ, ಹಿಂಡಿ, ಹಳೆಯ ಬೆಡ್‌ಶೀಟುಗಳ ಮೇಲೆ ಹರಡಿದರು ತಂದೆ ಮಗಳು. ನನ್ನ ಹಿಟ್ಟಿನ ಜರಡಿ ನೀಲಿಯಾಯಿತು. ಜಗಳವಾಡಿದೆ. ಮಾರನೆಯ ದಿನ ರವೆಯ ಜರಡಿ ಕೆಂಪಾಯಿತು. ಜಗಳವಾಡುವುದನ್ನೂ ಬಿಟ್ಟೆ.

ಅತ್ತೆ ಇದಕ್ಕೆಲ್ಲ ಒಂದು ಬೆರಳೂ ಹಚ್ಚಲಿಲ್ಲ. ಬಾಲ್ಕನಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸೀಬೆಹಣ್ಣು ತಿನ್ನುತ್ತಾ ನೋಡುತ್ತಿದ್ದರು. ನಾನು ಕೇಳಿದ್ದಕ್ಕೆ, ಯಾರ ಬೀದಿಯೋ ಅವರೇ ಹಾಸಬೇಕು, ಇದು ನನ್ನ ಬೀದಿಯಲ್ಲ ಎಂದರು. ನನಗೆ ಗೊತ್ತಿರುವುದು ಅಡುಗೆಮನೆಯ ಮಟ್ಟದ ಸ್ಪ್ಯಾನಿಷ್, ಆದರೂ ಆ ಮಾತು ತಿಳಿಯಿತು. ಮಗಳಿಗೂ ತಿಳಿಯಿತು. ಅವಳು ಬಕೆಟ್ಟಿನಿಂದ ತಲೆ ಎತ್ತಲಿಲ್ಲ.

ಮೊದಲ ಪ್ರಯೋಗ ಬಾಲ್ಕನಿಯಲ್ಲೇ ನಡೆಯಿತು. ಇಂಟರ್ನೆಟ್ಟಿನಲ್ಲಿ ಸಿಕ್ಕ ಅಪ್ಪನ ಊರಿನ ಜಮಖಾನದ ಚಿತ್ರವೊಂದನ್ನು ರಟ್ಟಿನಲ್ಲಿ ಕೊರೆದು, ಅಚ್ಚುಗಳನ್ನು ಒಂದರ ಪಕ್ಕ ಒಂದು ಇಟ್ಟು, ಜರಡಿ ಹಿಡಿದಳು. ರೆಕ್ಕೆ ಬಿಚ್ಚಿದ ಒಂದು ಬಿಳಿ ಹಕ್ಕಿ, ಸುತ್ತಲೂ ಗುಲಾಬಿಗಳು. ಅಚ್ಚು ಎತ್ತಿದಾಗ ಅಂಚು ಎಳೆಯಷ್ಟೂ ಕದಡಿರಲಿಲ್ಲ. ಸೋಮಾರಿಗಳ ಸಾಮಾನು ಎಂದಿದ್ದ ನಾನು ಆ ಅಂಚನ್ನು ಎರಡು ಸಲ ನೋಡಿದೆ. ಅತ್ತೆ ಕುರ್ಚಿಯಿಂದ ಎದ್ದು ಬಂದರು, ಬಗ್ಗಿ ನೋಡಿದರು, ಮೊಮ್ಮಗಳ ಕೆನ್ನೆ ತಟ್ಟಿದರು.

"ಚೆನ್ನಾಗಿದೆ ಕಂದ. ಆದರೆ ಇದು ಚರ್ಚಿನ ಹಿಂದಿನ ಬೀದಿಯವರದು. ಅವರ ಹಕ್ಕಿಯನ್ನು ನಾವು ಹಾಸೋ ಹಾಗಿಲ್ಲ" ಎಂದರು.

ಪ್ರತಿ ಬೀದಿಗೂ ತನ್ನದೇ ಚಿತ್ರ ಇರುತ್ತದೆ, ಒಬ್ಬರದು ಇನ್ನೊಬ್ಬರು ಮುಟ್ಟುವುದಿಲ್ಲ ಎಂಬುದು ಇಂಟರ್ನೆಟ್ಟಿನಲ್ಲಿ ಎಲ್ಲೂ ಬರೆದಿರಲಿಲ್ಲ. ಇವನಿಗಾದರೂ ಗೊತ್ತಿರಬೇಕಿತ್ತು. ಕೇಳಿದರೆ, "ನಾನು ಹೊಟ್ಟು ಹೊರುತ್ತಿದ್ದೆ, ಚಿತ್ರ ನೋಡುತ್ತಿರಲಿಲ್ಲ" ಎಂದು ತಲೆ ಕೆರೆದುಕೊಂಡ. ಮಗಳು ಅಲ್ಲೇ ನೆಲದ ಮೇಲೆ ಕೂತು ಕೇಳಿದಳು, ಹಾಗಾದರೆ ನಮ್ಮ ಬೀದಿಯ ಚಿತ್ರ ಯಾವುದು? ನಮ್ಮ ಎಂಬ ಮಾತನ್ನು ಅವಳು ಒತ್ತಿ ಹೇಳಿದ್ದು ನನಗೆ ಕೇಳಿಸಿತು. ಅತ್ತೆಗೂ ಕೇಳಿಸಿರಬೇಕು. ನಮ್ಮದು ಪ್ರತಿ ವರ್ಷ ಹೊಸದು, ಹಾಸುವವರ ಮನೆಯಲ್ಲಿ ಆ ವರ್ಷ ಏನಿದೆಯೋ ಅದು ಎಂದರು.

ಮನೆಯಲ್ಲಿ ಏನಿದೆ ಎಂದು ಹುಡುಕುವ ಕೆಲಸ ಆವತ್ತಿನಿಂದ ಶುರುವಾಯಿತು, ಅದು ನನ್ನ ಅಡುಗೆಮನೆಗೇ ಬಂದು ನಿಂತಿತು. ಮಗಳು ಅಂಚಿಗೆ ಚೆಂಡುಹೂ ಬರೆದಳು. ಅದು ನಮ್ಮದು, ನಮ್ಮ ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಹೂವು ಎಂದೆ. ನಮ್ಮದು ಎಂದರು ಅತ್ತೆ. ಸತ್ತವರು ಮನೆಗೆ ಬರುವ ದಿನ ದಾರಿ ತೋರಿಸುವ ಹೂವಂತೆ. ಇವನು ಫೋನಿನಲ್ಲಿ ಹುಡುಕಿ ತಾಯಿಯ ಪರವಾಗಿ ತೀರ್ಪು ಕೊಟ್ಟ, ಮೂಲ ಅವರ ದೇಶದ್ದೇ. ನನಗೆ ರೇಗಿತು. ಹಾಗಾದರೆ ಮೆಣಸಿನಕಾಯಿ ಎಂದೆ. ಅದೂ ಅವರದೇ. ಟೊಮ್ಯಾಟೊ? ಅವರದು. ಅತ್ತೆ ಕೈಯಲ್ಲಿದ್ದ ಸೀಬೆ, ಮೇಜಿನ ಮೇಲಿದ್ದ ಪರಂಗಿ, ಮಾರ್ಕೆಟ್ಟಿನಲ್ಲಿ ಇಲ್ಲಿನವರು ಚೀಕು ಎಂದು ಮಾರುವ ಸಪೋಟ, ಎಲ್ಲವೂ ಆ ಕಡೆಯಿಂದಲೇ ಬಂದವು. ಒಂದೊಂದು ಹೆಸರಿಗೂ ಅತ್ತೆ ಎದೆ ಮುಟ್ಟಿಕೊಂಡು ತಲೆಯಾಡಿಸುತ್ತಿದ್ದರು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ಇಂಗು ಅರಿಶಿನ ಉಳಿದವು, ಅವನ್ನು ಬಿಗಿಯಾಗಿ ಹಿಡಿದುಕೊಂಡೆ.

ನಗು ನಿಂತ ಮೇಲೆ ಮಗಳು ಅಪ್ಪನನ್ನು ಕೇಳಿದಳು, "ಪಪಾ, ಜೋಳ?"

ಅವನು ನನ್ನ ಮುಖ ನೋಡಿದ. ಚಾಮುಂಡಿ ಬೆಟ್ಟದ ಕಥೆ ಅವಳಿಗೆ ಬಾಯಿಪಾಠ. ಮಧ್ಯದ ಚಿತ್ರ ಅಲ್ಲಿಗೆ ಸಿಕ್ಕಿತು. ವಾಕ್‌ವೇ ಉದ್ದಕ್ಕೂ ಮಲಗಿದ ಒಂದು ದೊಡ್ಡ ಜೋಳದ ತೆನೆ. ಅವರ ಊರಿನ ಜೋಳ ಬರೀ ಹಳದಿಯಲ್ಲ, ಒಂದೇ ತೆನೆಯಲ್ಲಿ ನೀಲಿ, ಕೆಂಪು, ಬಿಳಿ, ಕಪ್ಪು ಕಾಳು ಇರುತ್ತವಂತೆ. ಮಗಳು ಬುಡದ ಕಾಳುಗಳಿಗೆ ಆ ಬಣ್ಣ ಕೊಟ್ಟಳು. ತುದಿಗೆ ಬರುತ್ತಾ ಕಾಳುಗಳು ಹಳದಿಯಾಗಿ, ಅಲ್ಲಲ್ಲಿ ಸುಟ್ಟ ಕಪ್ಪು ಕಲೆ, ಪಕ್ಕದಲ್ಲಿ ಅರ್ಧ ನಿಂಬೆ. ಸಿಪ್ಪೆಯ ಎಲೆಗಳು ಬಿಚ್ಚಿಕೊಂಡು ಎರಡೂ ಬದಿಗೆ ಬಳ್ಳಿಯಾಗಿ ಹರಿದು, ಅದರಲ್ಲಿ ಇಲ್ಲಿನ ಕೆಂಪು ದಾಸವಾಳ. ಅಂಚಿಗೆ ಚೆಂಡುಹೂ, ಯಾರದಾದರೂ ಆಗಲಿ. ಯಾವ ಬೀದಿಯೂ ಇದನ್ನು ತನ್ನದೆನ್ನಲು ಸಾಧ್ಯವಿರಲಿಲ್ಲ. ಇದು ನಮ್ಮ ಮನೆಯದೇ.

ಶನಿವಾರ ಬೆಳಿಗ್ಗೆ ಹಾಸಲು ಕೂತರು. ಸಭಾಂಗಣಕ್ಕೆ ಹೋಗುವ ವಾಕ್‌ವೇಗೆ ಮೇಲೆ ಸೂರಿದೆ, ಬದಿಗಳು ಮಾತ್ರ ಬಯಲು. ಮಧ್ಯಾಹ್ನದ ಮಳೆ ಎಂದಿನಂತೆ ಬಂದಾಗ ನಾವು ಪ್ಲಾಸ್ಟಿಕ್ ಹಾಳೆ ಹಿಡಿದು ಬದಿಯಲ್ಲಿ ನಿಂತೆವು. ಕೂತು ಕೂತು ಮಗಳ ಮಂಡಿ ಕೆಂಪಾಯಿತು. ಕಾಳುಗಳ ಸಾಲಿನಲ್ಲಿ ಅಚ್ಚು ಜಾರುತ್ತಿತ್ತು. ಆಗ ನಾನು ಸುಮ್ಮನಿರಲಾರದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟುಕೊಟ್ಟೆ. ಚುಕ್ಕಿಗೆ ಸರಿಯಾಗಿ ಅಚ್ಚು ಕೂತಿತು.

"ನಾಟ್ ಬ್ಯಾಡ್, ಅಮ್ಮ" ಎಂದಳು.

ನನಗೆ ಅಷ್ಟು ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ಕೊನೆಯ ಚೆಂಡುಹೂ ಮುಗಿದಾಗ ಅತ್ತೆ ಕೆಳಗೆ ಬಂದರು. ತಲೆ ಬಾಚಿ, ಊರಿಂದ ತಂದ ಕಸೂತಿಯ ರವಿಕೆಯಂಥ ಅಂಗಿ ತೊಟ್ಟಿದ್ದರು. ಈ ತುದಿಯಿಂದ ಆ ತುದಿಗೆ, ಅಂಚಿನ ಪಕ್ಕದಲ್ಲೇ ನಡೆದರು. ನೀಲಿ ಕಾಳುಗಳ ಹತ್ತಿರ ನಿಂತರು. ನಿಂಬೆಯ ಹತ್ತಿರ ಮತ್ತೆ ನಿಂತರು. ಆಮೇಲೆ ನಾನು ಗಿಡಗಳಿಗೆ ಬಳಸುವ ನೀರಿನ ಬಾಟಲಿ ಕೇಳಿದರು. ಬಾಟಲಿ ಇವನು ತಂದುಕೊಟ್ಟ. ಅತ್ತೆ ಒಂದು ತುದಿಯಿಂದ ತುಂತುರು ಹನಿ ಚಿಮುಕಿಸುತ್ತಾ ಬಂದರು. ಹೊಟ್ಟು ನೆನೆದು ಬಣ್ಣಗಳೆಲ್ಲ ಒಮ್ಮೆಲೇ ಗಾಢವಾದವು. ಮಗಳು ಅಳುತ್ತಿದ್ದಳು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಅರ್ಧ ಗೆದ್ದೆವು ಎಂದುಕೊಂಡೆ. "ಇನ್ನು ನಿಮ್ಮ ಜನ ಬರಲಿ. ತುಳಿಯದೆ ಬಿಟ್ಟರೆ ಇದು ಬರೀ ಚಿತ್ರ. ನಮ್ಮಲ್ಲಿ ತುಳಿಯದೆ ಉಳಿದದ್ದನ್ನು ಜಮಖಾನ ಅನ್ನೋದಿಲ್ಲ" ಎಂದು ಅತ್ತೆ ಬದಿಯ ಕಟ್ಟೆಯ ಮೇಲೆ ಕೂತರು.

ಜನ ಬಂದರು. ರೇಷ್ಮೆ ಸೀರೆ, ಪಂಚೆ, ಹಳದಿ ಕೆಂಪು ಶಾಲು. ಬಂದವರೆಲ್ಲ ಅಯ್ಯೋ ಎಷ್ಟು ಚಂದ ಎಂದು ಬಾಯಿಗೆ ಕೈ ಇಟ್ಟುಕೊಂಡರು, ಫೋನ್ ತೆಗೆದರು, ಸೀರೆಯ ನೆರಿಗೆ ಎತ್ತಿಕೊಂಡು ಅಂಚಿನಾಚೆಯ ಹುಲ್ಲಿಗೆ ಇಳಿದು ದಾಟಿಕೊಂಡರು. ಒಬ್ಬರ ಮಗು ಅದರ ಕಡೆ ಓಡಿದ್ದನ್ನು ಅಮ್ಮ ರಟ್ಟೆ ಹಿಡಿದು ಎಳೆದುಕೊಂಡಳು. ಯಾರೋ ಒಬ್ಬರು ಬಹಳ ಅಕ್ಕರೆಯಿಂದ ಎರಡೂ ತುದಿಗೆ ಕುರ್ಚಿ ಅಡ್ಡ ಇಟ್ಟು ರಿಬ್ಬನ್ ಕಟ್ಟಿದರು. ನನಗೆ ಅವರ ಮೇಲೆ ಸಿಟ್ಟು ಬರುವಂತಿರಲಿಲ್ಲ. ಹಿಂದಿನ ದಿನ ನನ್ನ ಕಾಲು ಕೂಡ ಒಂದು ಕಾಳಿನ ಹತ್ತಿರ ಹೋದಾಗ ತಾನಾಗಿಯೇ ಹಿಂದೆ ಸರಿದಿತ್ತು.

ನಮ್ಮ ಬಳಗದ ಅಧ್ಯಕ್ಷರು ಉಡುಪಿಯ ಕಡೆಯವರು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಸಜ್ಜನರು. ಬಂದವರೇ ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ ಹೇಳಿದರು.

"ರಂಗೋಲಿ ಭಾರೀ ಲಾಯ್ಕ ಉಂಟು ಮಾರಾಯ್ರೆ. ಇದಕ್ಕೆ ಒಂಚೂರೂ ಪೆಟ್ಟಾಗಬಾರದು. ಮೆರವಣಿಗೆ ಈ ಸಲ ಕಾರ್ ಪಾರ್ಕ್ ಕಡೆಯಿಂದ ಹೋಗ್ಲಿ, ಆಯ್ತಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಮಗಳ ಮುಖದಿಂದ ಬಣ್ಣ ಇಳಿದುಹೋಯಿತು. ಅವಳು ತುಳಿಯುವಂತಿರಲಿಲ್ಲ, ಅಪ್ಪನೂ ಅಜ್ಜಿಯೂ ತುಳಿಯುವಂತಿರಲಿಲ್ಲ, ಹಾಸಿದ ಮನೆಯವರು. ಉಳಿದವರೆಲ್ಲ ಮರ್ಯಾದೆ ಕೊಡುತ್ತಾ ಕಾರ್ ಪಾರ್ಕಿನ ಕಡೆ ಹೊರಟಿದ್ದರು. ಕಟ್ಟೆಯ ಮೇಲಿದ್ದ ಅತ್ತೆ ಮಗನನ್ನು ಕೇಳಿದರು, ಯಾಕೆ ಆ ಕಡೆ ಹೋಗುತ್ತಿದ್ದಾರೆ, ಅವರಿಗೆ ಇಷ್ಟವಾಗಲಿಲ್ಲವಾ? ಇವನು ನನ್ನ ಕಡೆ ನೋಡಿದ.

ನನ್ನ ಕೈಯಲ್ಲಿ ಭುವನೇಶ್ವರಿಯ ಪಟವಿತ್ತು. ಆ ವರ್ಷದ ಸರದಿ ನಮ್ಮ ಮನೆಯದು, ಸರದಿಯ ಮನೆಯ ಹೆಂಗಸು ಪಟ ಹಿಡಿದು ಮುಂದೆ ನಡೆಯಬೇಕು. ಬರಿಗಾಲಲ್ಲಿ ನಿಂತಿದ್ದೆ. ಒಂದು ಕಡೆ ಕಾರ್ ಪಾರ್ಕು, ಇನ್ನೊಂದು ಕಡೆ ರಿಬ್ಬನ್ ಕಟ್ಟಿದ ಜೋಳದ ತೆನೆ. ಇವರಿಗೆಲ್ಲ ಇದನ್ನು ರಂಗೋಲಿ ಎಂದು ಹೇಳಿಕೊಟ್ಟವಳು ನಾನೇ ಎಂದು ಹೊಳೆದಾಗ ನನ್ನ ಮೇಲೆಯೇ ಉರಿ ಹತ್ತಿತು. ಆಗಲೇ ನನ್ನಮ್ಮನ ಊರಿನ ದೇವರ ಉತ್ಸವ ನೆನಪಾಯಿತು. ಪೂಜಾರಿ ದೇವರನ್ನು ಹೊತ್ತು ಬರುವಾಗ ಅವರ ಹೆಜ್ಜೆಗೆ ಮುಂದೆ ಮುಂದೆ ಮಡಿಬಟ್ಟೆ ಹಾಸುತ್ತಾ ಹೋಗುತ್ತಿದ್ದರು. ಮದುಮಕ್ಕಳಿಗೂ ಹಾಸುತ್ತಿದ್ದರು. ನಡೆಮಡಿ ಎನ್ನುತ್ತಿದ್ದರು ಅದನ್ನು. ಅದನ್ನು ದಾಟಿಕೊಂಡು ಪಕ್ಕದಲ್ಲಿ ಹೋಗುವುದುಂಟೇ? ಹಾಸಿದವರಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

"ಡಾಕ್ಟ್ರೇ, ಸ್ವಲ್ಪ ನಿಲ್ಲಿ" ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ತಪ್ಪು ಹೇಳಿದ್ದು ನಾನು. ಇದು ರಂಗೋಲಿ ಅಲ್ಲ. ನಡೆಮಡಿ. ನನ್ನ ಮಗಳು ತಾಯಿ ನಡೆದು ಬರ್ಲಿ ಅಂತ ಹಾಸಿದ್ದಾಳೆ."

ಅವರು ಕನ್ನಡಕ ಸರಿ ಮಾಡಿಕೊಂಡು ಜಮಖಾನ ನೋಡಿದರು. "ಅಲ್ಲ ಮೇಡಂ, ಇಷ್ಟು ಕಷ್ಟ ಪಟ್ಟದ್ದು. ಮತ್ತೆ ಜೋಳ ಬೇರೆ, ಅನ್ನ ಅಲ್ವಾ ಅದು. ತುಳಿಯೋದು ಹೇಗೆ?"

"ಕಷ್ಟ ಪಟ್ಟಿದ್ದೇ ತುಳೀಲಿ ಅಂತ. ಅವಳ ಅಜ್ಜಿ ಊರಲ್ಲಿ ದೇವ್ರು ಇದರ ಮೇಲೇ ಬರೋದು. ನೀವು ಪಕ್ಕದಲ್ಲಿ ಹೋದ್ರೆ ಅವರಿಗೆ ನಾವು ಬೇಡ ಅಂದ ಹಾಗೆ. ಅಲ್ಲಿ ಕೂತಿದ್ದಾರೆ ನೋಡಿ."

ಎಲ್ಲರ ತಲೆ ಕಟ್ಟೆಯ ಕಡೆ ತಿರುಗಿತು. ಏನು ನಡೆಯುತ್ತಿದೆಯೆಂದು ತಿಳಿಯದ ಅತ್ತೆ ಎಲ್ಲರಿಗೂ ಕೈಮುಗಿದರು, ನಾನು ಕಲಿಸಿದ ಹಾಗೆ.

"ನೀವು ಮುಂದೆ ಹೋಗಿ ಹಾಗಾದ್ರೆ" ಎಂದರು ಡಾಕ್ಟರು. "ನಾವು ಹಿಂದೆ ಬರ್ತೇವೆ."

ಹಾಸಿದ ಮನೆಯವರು ತುಳಿಯುವಂತಿಲ್ಲ ಎಂಬ ನಿಯಮ ನನಗೂ ಸೇರುತ್ತದೆಯೇ ಎಂದು ಇವನಿಗೆ ಕಣ್ಣಿನಲ್ಲೇ ಕೇಳಿದೆ. ಇವನು ತಾಯಿಯನ್ನು ಕೇಳಿದ. ಅತ್ತೆ ನನ್ನ ಕೈಯಲ್ಲಿದ್ದ ಪಟ ತೋರಿಸಿ, ದೇವರನ್ನು ಹೊತ್ತವಳಿಗೆ ಮನೆ ಯಾವುದು, ನಡಿ ಎಂದರು. ಮಗಳು ಓಡಿ ಹೋಗಿ ರಿಬ್ಬನ್ ಕಿತ್ತು ಕುರ್ಚಿ ಎಳೆದಳು.

ಆದರೂ ಮೊದಲ ಹೆಜ್ಜೆ ನನ್ನಿಂದ ಏಳಲಿಲ್ಲ. ನನ್ನಮ್ಮ ಹೊಸಿಲ ಒಳಗಿನಿಂದ ನೋಡುತ್ತಿದ್ದಾಳೆ ಅನ್ನಿಸಿತು. ಕಣ್ಣು ಮುಚ್ಚಿಕೊಂಡು ಕಾಲಿಟ್ಟೆ. ಹೊಟ್ಟು ತಣ್ಣಗಿತ್ತು, ಮೆತ್ತಗೆ ಪಾದದ ಕೆಳಗೆ ಕುಸಿಯಿತು. ಕಣ್ಣು ಬಿಟ್ಟಾಗ ಒಂದು ಚೆಂಡುಹೂ ಹೋಗಿತ್ತು, ಅದರ ಜಾಗದಲ್ಲಿ ನನ್ನ ಹೆಜ್ಜೆಯಿತ್ತು. ಎರಡನೆಯ ಹೆಜ್ಜೆ ಸಲೀಸಾಗಿ ಬಂತು. ಹಿಂದೆ ಚಪ್ಪಲಿಗಳು ಕಳಚಿ ಬೀಳುವ ಸದ್ದಾಯಿತು. ಯಾರೋ ಸ್ಪೀಕರಿನಲ್ಲಿ ಡೊಳ್ಳು ಹಾಕಿದರು, ಒಬ್ಬರು ಜಯಕಾರ ಹೇಳಿದರು, ಉಳಿದವರು ಕೂಗಿದರು. ಸೀರೆಯಂಚುಗಳು ನೀಲಿ ಕಾಳಿನ ಮೇಲೆ ಎಳೆದು ಹೋದವು. ರಟ್ಟೆ ಹಿಡಿಸಿಕೊಂಡಿದ್ದ ಮಗು ಈಗ ತೆನೆಯ ನಟ್ಟನಡುವೆ ಕುಣಿಯುತ್ತಿತ್ತು. ಡಾಕ್ಟರು ಅಂಚಿನಲ್ಲೇ ತುದಿಗಾಲಲ್ಲಿ ಬರುತ್ತಿದ್ದರು. ನಿಂಬೆಯ ಹತ್ತಿರ ಬಂದಾಗ ಏನನ್ನಿಸಿತೋ, ಪಂಚೆ ಎತ್ತಿ ಕಟ್ಟಿ, ಎರಡೂ ಪಾದ ಊರಿ, ಡೊಳ್ಳಿಗೆ ಸರಿಯಾಗಿ ಹೆಜ್ಜೆ ಹಾಕಿದರು.

ಸಭಾಂಗಣದ ಬಾಗಿಲಲ್ಲಿ ಪಟ ಇಳಿಸಿ ತಿರುಗಿ ನೋಡಿದೆ. ಜೋಳವೂ ಇಲ್ಲ, ಹೂವೂ ಇಲ್ಲ. ಉದ್ದಕ್ಕೂ ಬಣ್ಣಗಳು ಕಲಸಿ ಹೋದ ಹಾದಿ, ತುಂಬ ಪಾದಗಳ ಗುರುತು. ನನ್ನ ರಂಗೋಲಿಗೆ ಹೀಗಾಗಿದ್ದರೆ ಮನೆ ತಲೆಕೆಳಗಾಗುತ್ತಿತ್ತು. ಅವತ್ತು ನನಗೆ ಆದದ್ದು ಸಂತೋಷ, ಬರೀ ಸಂತೋಷ. ಗೆದ್ದುಬಿಟ್ಟಳು ನನ್ನ ಮಗಳು ಎಂದು ಇವನಿಗೆ ಎರಡು ಸಲ ಹೇಳಿದೆ.

ಹಾದಿಯ ಆ ತುದಿಯಲ್ಲಿ ಅತ್ತೆ ಮೊಮ್ಮಗಳ ಭುಜ ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. ಅಲ್ಲಿ ಆಗ ಶನಿವಾರದ ರಾತ್ರಿ. ಪರದೆಯ ತುಂಬ ಅವರ ಬೀದಿಯ ಹೆಂಗಸರ ಮುಖಗಳು. ನಾನು ಹತ್ತಿರ ಹೋದೆ. ಅತ್ತೆ ಫೋನನ್ನು ನೆಲದತ್ತ ಹಿಡಿದು ನಿಧಾನವಾಗಿ ಈ ಬದಿಯಿಂದ ಆ ಬದಿಗೆ ತೋರಿಸಿದರು.

"ನೋಡಿ" ಎಂದರು, "ಒಂದು ಹೂವಾದರೂ ಉಳಿದಿದೆಯಾ ನೋಡಿ."

ಫೋನಿನೊಳಗಿಂದ ಚಪ್ಪಾಳೆ ಕೇಳಿಸಿತು. ಯಾರು ಹಾಸಿದ್ದು ಎಂದು ಒಬ್ಬಾಕೆ ಕೇಳಿದಳು.

ಅತ್ತೆ ಫೋನನ್ನು ಮೇಲೆತ್ತಿ ಮಗಳ ಮುಖದ ಮುಂದೆ ಹಿಡಿದರು. ಮೂಗಿನ ಮೇಲೆ ನೀಲಿ ಹೊಟ್ಟು, ಹಣೆಯ ಮೇಲೆ ಹಳದಿ. ಎಂದಿನ ಪರಿಚಯದ ಮಾತು ಈಗ ಬರುತ್ತದೆ ಎಂದುಕೊಂಡೆ.

"ಯಾರು ಅಂತ ಕೇಳ್ತೀರಲ್ಲ" ಎಂದರು ಅತ್ತೆ. "ನಮ್ಮ ಬೀದಿಯ ಹುಡುಗಿ."

ಮಗಳು ನನ್ನ ಕಡೆ ತಿರುಗಿದಳು. ಇಂಗ್ಲಿಷನ್ನು ಎಲ್ಲಿ ಮರೆತಳೋ.

"ಅಮ್ಮ, ಕೇಳಿಸ್ತಾ? ಅಬುಯೆಲಾ ಏನಂದ್ರು ಕೇಳಿಸ್ತಾ?"

"ಕೇಳಿಸ್ತು ಕಣೇ" ಎಂದೆ. "ಇನ್ನೊಂದ್ಸಲ ಹೇಳ್ಸು."